ಡಿಎಸ್18ಬಿ20 ವಾಟರ್‌ಪ್ರೂಫ್ ಪ್ರೋಬ್: ಆಳಕ್ಕೆ ಇಳಿಸುವ ಮುನ್ನ ಬಾಯಿ ಮುಚ್ಚಿ

ಸುಮಾರು 6 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ಸ್ಟೀಲ್ ಕೊಳವೆ, ಒಳಗೆ ಉಷ್ಣಾಂಶ ಅಳೆಯುವ ಡಿಎಸ್18ಬಿ20 ಚಿಪ್, ಹಿಂದೆ ಮೂರೆಳೆಯ ಕೇಬಲ್. ಆಳದ ನೀರಿನ ಉಷ್ಣಾಂಶ ಅಳೆಯುವ ಸಾಧನವನ್ನು ಮನೆಯಲ್ಲೇ ಕಟ್ಟುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದೊಂದು ಚಿಪ್‌ಗೂ 64 ಬಿಟ್‌ನ ಸ್ವಂತ ಸಂಖ್ಯೆ ಇರುವುದರಿಂದ ಒಂದೇ ಕೇಬಲ್‌ಗೆ ಬೇರೆ ಬೇರೆ ಆಳದಲ್ಲಿ ಹಲವು ಪ್ರೋಬ್ ಜೋಡಿಸಬಹುದು. ಯಾವ ಸಂಖ್ಯೆ ಯಾವ ಆಳಕ್ಕೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ತೊಂದರೆ ಇರುವುದು ಕೇಬಲ್ ಕೊಳವೆಯೊಳಗೆ ಹೋಗುವ ಬಾಯಲ್ಲಿ. ಪ್ರತಿ 10 ಮೀಟರ್ ಆಳಕ್ಕೆ ಹೆಚ್ಚುಕಡಿಮೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಬಕೆಟ್‌ನಲ್ಲಿ ತಡೆದುಕೊಂಡ ಅಂಟು ಅಲ್ಲಿ ಬಿಟ್ಟುಕೊಡುತ್ತದೆ. ನೀರು ನುಗ್ಗಲು ಇನ್ನೊಂದು ದಾರಿಯೂ ಇದೆ: ಮೇಲೆಲ್ಲೋ ಕೇಬಲ್‌ನ ಹೊದಿಕೆ ಗೀರಿದ್ದರೆ, ನೀರು ತಾಮ್ರದ ಎಳೆಗಳ ಸಂದಿಯಲ್ಲೇ ಹರಿದು ಚಿಪ್ ತಲುಪುತ್ತದೆ. ಹಾಗಾಗಿ ಪ್ರೋಬ್ ಹತ್ತಿರ 3 ಸೆಂ.ಮೀ. ಹೊದಿಕೆ ಬಿಡಿಸಿ, ಮೂರೂ ತಂತಿಗಳನ್ನು ಬೇರೆ ಮಾಡಿ, ಪ್ರತಿಯೊಂದರಲ್ಲೂ 5 ಮಿ.ಮೀ. ತಾಮ್ರ ಬಯಲು ಮಾಡಿ ಸೋಲ್ಡರ್ ಕುಡಿಸಿ. ಎಳೆಗಳ ಸಂದಿ ತುಂಬಿತೆಂದರೆ ನೀರಿಗೆ ದಾರಿಯಿಲ್ಲ. ಹೊದಿಕೆಯ ತುದಿಯನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ತಂತಿಗಳು ಒಂದಕ್ಕೊಂದು ತಾಗದಂತೆ ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗೆ ಹಿಡಿದು, ಸ್ಟೀಲ್ ಕೊಳವೆಯ ಬಾಯಿಯೂ ಮುಚ್ಚುವಂತೆ ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟು ಸುರಿಯಿರಿ. ಐದು ನಿಮಿಷದಲ್ಲಿ ಗಟ್ಟಿಯಾಗುವಂಥದ್ದು ಬೇಡ, ಅದರಲ್ಲಿ ಗಾಳಿಗುಳ್ಳೆ ಮೇಲೇಳುವಷ್ಟು ಹೊತ್ತು ಸಿಗುವುದಿಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ಅಂತೂ ಬೇಡವೇ ಬೇಡ, ತಾಮ್ರವನ್ನೇ ತಿನ್ನುತ್ತದೆ. ಸ್ಟೀಲ್ ಕೊಳವೆಯ ಮುಂತುದಿಗೆ ಮಾತ್ರ ಎಪಾಕ್ಸಿ ತಾಗಬಾರದು, ತಾಗಿದರೆ ಪ್ರೋಬ್ ಮಂದವಾಗುತ್ತದೆ.

ಗಟ್ಟಿಯಾದ ಮೇಲೆ ಒಂದು ದಿನ ಉಪ್ಪುನೀರಿನಲ್ಲಿ ಮುಳುಗಿಸಿಡಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಕಪ್ಪು ತಂತಿಗೆ, ಇನ್ನೊಂದು ನೀರಿಗೆ. ಪ್ರತಿರೋಧ ಏನಾದರೂ ತೋರಿಸಿದರೆ ಸೋರಿದೆ ಎಂದೇ ಅರ್ಥ. ಆಳದ ಒತ್ತಡ ಇಲ್ಲಿಲ್ಲ, ಆದ್ದರಿಂದ ಮೊದಲ ಸಲ ಇಳಿಸಿ ಎತ್ತಿದ ಮೇಲೂ ಇದನ್ನೇ ಮಾಡಿ.

ಓದಿನ ಹೆಜ್ಜೆ 0.0625 ಡಿಗ್ರಿ ಎಂದು ಮರುಳಾಗಬೇಡಿ, ನಿಖರತೆ ±0.5 ಡಿಗ್ರಿ ಸೆಲ್ಸಿಯಸ್ ಅಷ್ಟೇ. ನಕಲಿ ಚಿಪ್‌ಗಳಿಗೆ ಅದೂ ಖಾತರಿಯಿಲ್ಲ. ಪುಡಿ ಐಸ್ ತುಂಬಿ, ಸಂದಿ ಮುಚ್ಚುವಷ್ಟೇ ನೀರು ಹಾಕಿ, ಕಲಕುತ್ತಾ ಹದಿನೈದು ನಿಮಿಷ ಇಡಿ. ಸೊನ್ನೆಯಿಂದ ಎಷ್ಟು ಆಚೀಚೆ ಇದೆಯೋ ಅಷ್ಟನ್ನು ಪ್ರೋಗ್ರಾಂನಲ್ಲಿ ಸರಿಪಡಿಸಿ.

ಡೇಟಾ ತಂತಿಗೆ 4.7 ಕಿಲೋಓಮ್ ಪುಲ್‌ಅಪ್ (ಆ ತಂತಿಯನ್ನು ವಿದ್ಯುತ್ ತಂತಿಗೆ ಜೋಡಿಸುವ ರೆಸಿಸ್ಟರ್), ಕೇಬಲ್ ತುಂಬಾ ಉದ್ದವಾದರೆ 5 ವೋಲ್ಟ್‌ನಲ್ಲಿ 2.2 ಕಿಲೋಓಮ್. ಡೇಟಾ ತಂತಿಯಿಂದಲೇ ವಿದ್ಯುತ್ ಪಡೆದು ಎರಡೇ ತಂತಿಯಲ್ಲಿ ನಡೆಸುವ ಉಳಿತಾಯ ಇಲ್ಲಿ ಕೈಕೊಡುತ್ತದೆ, ಮೂರನ್ನೂ ಎಳೆಯಿರಿ. ಪರದೆಯಲ್ಲಿ 85 ಬಂದರೆ ಚಿಪ್‌ಗೆ ವಿದ್ಯುತ್ ತಪ್ಪಿ ಮತ್ತೆ ಬಂದಿದೆ, ಇಲ್ಲವೇ 750 ಮಿಲಿಸೆಕೆಂಡ್ ಕಾಯದೆ ಓದಿದ್ದೀರಿ. ಪ್ರೋಬ್ ಓದಲು ಆರ್ಡುಯಿನೊ ಎಂಬ ಸಣ್ಣ ಕಂಟ್ರೋಲರ್ ಬೋರ್ಡ್ ಬಳಸಿದ್ದರೆ, ಅದರ ರೂಢಿಯ ಲೈಬ್ರರಿಯಲ್ಲಿ -127 ಎಂದರೆ ಚಿಪ್‌ನಿಂದ ಉತ್ತರವೇ ಇಲ್ಲ.

ಭಾರವನ್ನು ಕೇಬಲ್‌ಗೆ ಕಟ್ಟಬೇಡಿ. ನೈಲಾನ್ ಹಗ್ಗಕ್ಕೆ ಕಟ್ಟಿ, ಕೇಬಲ್ ಅದರ ಪಕ್ಕದಲ್ಲಿ ಸಡಿಲವಾಗಿ ಇಳಿಯಲಿ. ಪ್ರತಿ ಆಳದಲ್ಲೂ ಅಂಕಿ ನಿಲ್ಲುವವರೆಗೆ ಒಂದೆರಡು ನಿಮಿಷ ತಾಳಿ.

ಬೆಚ್ಚಗಿನ ಮೇಲ್ಪದರ ಎಲ್ಲಿ ಮುಗಿದು ತಂಪು ಶುರುವಾಗುತ್ತದೆ ಎಂದು ಹುಡುಕಲು ಈ ಪ್ರೋಬ್ ಧಾರಾಳವಾಗಿ ಸಾಕು. ಶೀತ ಪ್ರದೇಶದ ಆಳವಾದ ಸರೋವರದ ತಳದಲ್ಲಿ ನೀರು 4 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಅಲ್ಲಿನ ಸಣ್ಣ ಏರಿಳಿತ ಹಿಡಿಯಬೇಕಿದ್ದರೆ ಒಳ್ಳೆಯ ಥರ್ಮಿಸ್ಟರ್ (ಉಷ್ಣಾಂಶದೊಂದಿಗೆ ಪ್ರತಿರೋಧ ಬದಲಾಗುವ ಬಿಡಿಭಾಗ), ವೋಲ್ಟೇಜನ್ನು ಅಂಕಿಯಾಗಿಸುವ 16 ಬಿಟ್‌ನ ಎಡಿಸಿ ಚಿಪ್ ಕೊಳ್ಳಿ. ಬಾಯಿ ಮುಚ್ಚುವ ಕೆಲಸ ಅದಕ್ಕೂ ಇಷ್ಟೇ ಇದೆ.