ಗುಡ್ಡದ ತೋಟದ ತೇವ ನೋಡೋಕೆ ಸೆಂಟಿನೆಲ್ಲಾ, ಸ್ಮ್ಯಾಪಾ?

ಸೆಂಟಿನೆಲ್ ಯುರೋಪಿನವರ ಸ್ಯಾಟಲೈಟ್, ಸ್ಮ್ಯಾಪ್ ನಾಸಾದವರದ್ದು, ಎರಡರ ಡೇಟಾದಿಂದ್ಲೂ ಮಣ್ಣಿನ ತೇವ ಅಂದಾಜು ಮಾಡ್ತಾರೆ. ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಸ್ಮ್ಯಾಪ್‌ಗೆ, ಅದೂ ಜೊತೆಗೆ ಮಣ್ಣು ತೂಗೋಕೊಂದು ಸ್ಟೀಲ್ ಡಬ್ಬಿ ಇದ್ರೆ ಮಾತ್ರ.

ಮೂಡಿಗೆರೆ ಕಡೆ ನಮ್ದು 12 ಎಕರೆ ರೋಬಸ್ಟಾ ಕಾಫಿ, ಒಂದೇ ಗುಡ್ಡದ ಎರಡೂ ಮಗ್ಗುಲಿಗೆ ಹರಡ್ಕೊಂಡಿದೆ. ಹೂ ಅರಳ್ಸೋ ಮಳೆ ಕೈಕೊಟ್ರೆ ಜೆಟ್ (ಪಂಪಿನ ಸ್ಪ್ರಿಂಕ್ಲರ್) ಹಾಕ್ಲೇಬೇಕು, ಡೀಸೆಲ್ ಲೆಕ್ಕ ಬರೆಯೋವಾಗ ಹೊಟ್ಟೆ ಉರಿಯತ್ತೆ, ಕೆರೆಲೂ ಅಷ್ಟು ನೀರಿರಲ್ಲ. ಎಲ್ಲಿ ತೇವ ಇದೆ ಎಲ್ಲಿಲ್ಲ ಅಂತ ಗೊತ್ತಾದ್ರೆ ಅರ್ಧ ಖರ್ಚು ಉಳಿಯತ್ತಲ್ಲ ಅಂತ ಒಂದು ಆ್ಯಪ್‌ಗೆ ವರ್ಷದ ದುಡ್ಡು ಕಟ್ದೆ (ಹೆಸರು ಬೇಡ ಬಿಡಿ). ಮ್ಯಾಪ್ ನೋಡೋಕೇನೋ ಚೆಂದ, 10 ಮೀಟರ್ ಚೌಕ ಚೌಕವಾಗಿ ಬಣ್ಣ. ಪೂರ್ವದ ಇಳಿಜಾರು ಪೂರ್ತಿ ನೀಲಿ, ಅಂದ್ರೆ ತೇವ ಚೆನ್ನಾಗಿದೆ ಅಂತ. ನಂಬ್ಕೊಂಡು ಆ ಕಡೆಗೆ ಬ್ಯಾಕಿಂಗ್ ನೀರು (ಹೂ ಬಂದ್ಮೇಲೆ ಕಾಯಿ ಕಚ್ಚೋಕೆ ಕೊಡೋ ಎರಡನೇ ನೀರು) ಕೊಡ್ಲಿಲ್ಲ. ಹೂ ಬಂತು, ಕಾಯಿ ಸರಿಯಾಗಿ ಕಚ್ಲಿಲ್ಲ.

ಆಮೇಲೆ ಅದೇ ಮ್ಯಾಪ್ ಇಟ್ಕೊಂಡು ಗುಡ್ಡ ಹತ್ತಿ ನೋಡಿದ್ರೆ ನೀಲಿ ಬಣ್ಣದೊಳಗೆ ನಮ್ಮ ದೊಡ್ಡ ಬಂಡೆನೂ ಸೇರಿತ್ತು! ಬಿಸಿಲಿಗೆ ಕಾಲಿಡೋಕಾಗದ ಬಂಡೆ, ಆ್ಯಪ್ ಪ್ರಕಾರ ತೇವ. ಫೋನ್ ಮಾಡಿದ್ರೆ ಸೆಂಟಿನೆಲ್-1 ಡೇಟಾ ಸಾರ್ ಅಂದ್ರು, ಅಷ್ಟೇ.

ಸೆಂಟಿನೆಲ್‌ದೇನೂ ತಪ್ಪಿಲ್ಲ ಅಂತ ನಾನೇ ಕೂತು ಓದ್ದಾಗ ಗೊತ್ತಾಯ್ತು. ಸೆಂಟಿನೆಲ್-1ರಲ್ಲಿರೋದು ರೇಡಾರ್, ತಾನೇ ಸಿಗ್ನಲ್ ಬಿಟ್ಟು ವಾಪಸ್ ಬಂದಿದ್ದನ್ನ ಅಳೆಯತ್ತೆ. ಅದು ನೆಟ್ಟಗೆ ಕೆಳಗೆ ನೋಡಲ್ಲ, ಸುಮಾರು 700 ಕಿ.ಮೀ. ಎತ್ತರದಿಂದ ಓರೆಯಾಗಿ, ತಾನು ಹೋಗೋ ದಾರಿಯ ಬಲಗಡೆಗೆ ನೋಡತ್ತೆ. ಬೆಳಿಗ್ಗೆ ಉತ್ತರದಿಂದ ದಕ್ಷಿಣಕ್ಕೆ ಹೋಗೋವಾಗ ಬಲಗಡೆ ಅಂದ್ರೆ ಪಶ್ಚಿಮ, ಹಾಗಾಗಿ ಪೂರ್ವಕ್ಕೆ ಮುಖ ಮಾಡಿರೋ ಇಳಿಜಾರು ಅದಕ್ಕೆ ಎದೆಯೊಡ್ಡಿ ನಿಂತಿರತ್ತೆ, ಬಿಟ್ಟ ಸಿಗ್ನಲ್ ಜೋರಾಗಿ ವಾಪಸ್ ಹೋಗತ್ತೆ. ಒದ್ದೆ ಮಣ್ಣಿಂದ್ಲೂ ಸಿಗ್ನಲ್ ಜೋರಾಗೇ ವಾಪಸ್ ಹೋಗೋದು. ಇದು ನೀರಿನ ಹೊಳಪಾ, ಗುಡ್ಡದ ಹೊಳಪಾ ಅಂತ ಬೇರೆ ಮಾಡ್ದೆ ಬಣ್ಣ ಬಳಿದ್ರೆ ಬಂಡೆನೂ ಒದ್ದೆಯಾಗತ್ತೆ. ಗುಡ್ಡದಲ್ಲಿರೋರು ಇಂಥ ಆ್ಯಪ್‌ಗೆ ದುಡ್ಡು ಕಟ್ಟೋ ಮುಂಚೆ ನಿಮ್ಮೂರಿನ ಬಂಡೆ ಯಾವ ಬಣ್ಣ ಬಂದಿದೆ ಅಂತ ಒಂದ್ಸಲ ನೋಡಿ.

ಹಟಕ್ಕೆ ಬಿದ್ದು ಗೂಗಲ್‌ನ ಅರ್ತ್ ಎಂಜಿನ್‌ನಲ್ಲಿ (ಸ್ಯಾಟಲೈಟ್ ಡೇಟಾ ಲೆಕ್ಕ ಹಾಕೋ ವೆಬ್‌ಸೈಟ್) ನಾನೇ ಮಾಡ್ದೆ, ಎಸ್‌ಆರ್‌ಟಿಎಂ 30 ಮೀಟರ್ ಎತ್ತರದ ಡೇಟಾ ಹಾಕಿ ಇಳಿಜಾರಿನ ಹೊಳಪು ಕಳೆದೆ. ಬಂಡೆ ಮೇಲಿನ ನೀಲಿ ಸ್ವಲ್ಪ ಇಳೀತು, ಆದ್ರೆ ಹೊಸ ತಲೆನೋವು ಶುರು. ಸೆಂಟಿನೆಲ್-1ರ ಅಲೆಯ ಉದ್ದ ಸುಮಾರು 5.6 ಸೆಂ.ಮೀ., ನೆರಳಿಗೆ ಬೆಳೆಸಿರೋ ಸಿಲ್ವರ್ ಮರದ ಎಲೆ, ಅದರ ಕೆಳಗೆ ಕಾಫಿ ಎಲೆ, ಅಲ್ಲೇ ಮುಗಿದೋಗತ್ತೆ, ಮಣ್ಣಿನವರೆಗೆ ಹೆಚ್ಚೇನೂ ಇಳಿಯಲ್ಲ. ಎದುರಿನ ಬೋಳುಗುಡ್ಡದಲ್ಲಿ ಮಾತ್ರ ಚೆನ್ನಾಗಿ ಕೆಲ್ಸ ಮಾಡ್ತು, ಒಂದೇ ದಾರಿಯಲ್ಲಿ ಬಂದ ಚಿತ್ರಗಳನ್ನ ಅದೇ ಜಾಗದ ಹಳೇದ್ರ ಜೊತೆ ಹೋಲಿಸಿದ್ರೆ ಮಳೆ ಬಂದಿದ್ದು ಕಾಣ್ತಿತ್ತು. ಬೋಳುಗುಡ್ಡಕ್ಕೆ ಜೆಟ್ ಹಾಕಿ ನಾನೇನ್ ಮಾಡ್ಲಿ?

ಸೆಂಟಿನೆಲ್-2 ಥರದ ಕ್ಯಾಮೆರಾ ಸ್ಯಾಟಲೈಟ್ ಮಳೆಗಾಲದಲ್ಲಿ ಬರೀ ಮೋಡ ತೋರ್ಸತ್ತೆ, ಅದ್ನ ಬಿಟ್ಟೆ.

ಇನ್ನು ಸ್ಮ್ಯಾಪ್. ನಾಸಾದವ್ರು 2015ರ ಜನವರಿಲಿ ಹಾರಿಸಿದ್ದು, ಅದೇ ವರ್ಷ ಜುಲೈಲಿ ಇದರ ರೇಡಾರ್ ಕೆಟ್ಟೋಯ್ತು, ಈಗ ಇರೋದು ನೆಲದಿಂದ ತಾನಾಗೇ ಬರೋ ಸೂಕ್ಷ್ಮ ಅಲೆ ಅಳೆಯೋ ರೇಡಿಯೋಮೀಟರ್ ಒಂದೇ. ಅಲೆ 21 ಸೆಂ.ಮೀ. ಉದ್ದದ್ದು, ಎಲೆಗೆ ಅಷ್ಟು ಬೇಗ ಸೋಲಲ್ಲ. ಆದ್ರೆ ಚೌಕ ನೋಡಿ, 9 ಕಿ.ಮೀ.! ಅಂದ್ರೆ ಸುಮಾರು 20,000 ಎಕರೆಗೆ ಒಂದೇ ನಂಬರ್, ಅದ್ರಲ್ಲಿ ನನ್ನ 12 ಎಕರೆ ಹಂಡೆ ಪಾಯಸದಲ್ಲಿ ಒಂದು ದ್ರಾಕ್ಷಿ. ದಟ್ಟ ಕಾಡು, ಗುಡ್ಡ ಇರೋ ಕಡೆ ಆ ನಂಬರ್ ಮೇಲೆ ಅಷ್ಟು ಭರವಸೆ ಇಡ್ಬೇಡಿ ಅಂತ ಡೇಟಾ ಜೊತೇಲೇ ಗುರುತು ಹಾಕಿ ಕೊಟ್ಟಿರ್ತಾರೆ. ನಂಗೆ ಇಷ್ಟ ಆಗಿದ್ದೇ ಇದು, ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬಣ್ಣ ಬಳಿಯಲ್ಲ. ನಂಬರ್ ಬಿಟ್ಟು ಏರಿಳಿತ ಮಾತ್ರ ನೋಡ್ತೀನಿ, 2-3 ದಿನಕ್ಕೊಮ್ಮೆ ಬರತ್ತೆ, ಗೆರೆ ಇಳೀತಾ ಹೋದ್ರೆ ಡಬ್ಬಿ ತೆಗೆಯೋ ಟೈಮ್ ಬಂತು ಅಂತ ಅರ್ಥ. ಮೇಲಿನ 5 ಸೆಂ.ಮೀ. ಮಣ್ಣಿನ ಲೆಕ್ಕ ಅದು, ಕಾಫಿ ಬೇರು ಅದಕ್ಕಿಂತ ಆಳ, ನೆನಪಿರ್ಲಿ.

ಡಬ್ಬಿ ಅಂದ್ರೆ ಇಷ್ಟೇ, ಎರಡೂ ಮಗ್ಗುಲಿಂದ ಒಂದು ಗೇಣು ಆಳದ ಮಣ್ಣು ತಂದು ತೂಗಿ, ಒಣಗ್ಸಿ, ಮತ್ತೆ ತೂಗೋದು. ಲ್ಯಾಬಲ್ಲಿ 105 ಡಿಗ್ರಿಲಿ 24 ಗಂಟೆ ಇಡ್ತಾರೆ, ನಮ್ಮನೇಲಿ ಅಮ್ಮನ ಕೇಕ್ ಓವನ್ನು, ಅಮ್ಮ ಸಂಘಕ್ಕೆ ಹೋದಾಗ ಎರಡೆರಡು ಗಂಟೆ, ತೂಕ ಇಳಿಯೋದು ನಿಲ್ಲೋವರೆಗೆ. ಈ ಮಾರ್ಚಲ್ಲಿ ಎರಡು ಮಗ್ಗುಲಿಗೆ ಏನೂ ವ್ಯತ್ಯಾಸ ಇರ್ಲಿಲ್ಲ, ಎರಡಕ್ಕೂ ಜೆಟ್ ಹಾಕ್ದೆ.

2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹೋದ ನಿಸಾರ್ (ನಾಸಾ, ಇಸ್ರೋ ಸೇರಿ ಮಾಡಿದ ರೇಡಾರ್ ಸ್ಯಾಟಲೈಟ್), ಅದರದ್ದು ಸುಮಾರು 24 ಸೆಂ.ಮೀ. ಅಲೆ, ಮರದ ಕೆಳಗಿಂದು ಸೆಂಟಿನೆಲ್‌ಗಿಂತ ಚೆನ್ನಾಗಿ ಕಾಣ್ಬೇಕು. ನಾನಿನ್ನೂ ಮುಟ್ಟಿಲ್ಲ. ಅದೂ ಓರೆಯಾಗೇ ನೋಡೋದು, ಬಂಡೆ ಟೆಸ್ಟ್ ಅದಕ್ಕೂ ಇದೆ.

ಬಯಲುಸೀಮೆಲಿ ಜೋಳ, ಕಡ್ಲೆ ಹಾಕೋರಿಗೆ ಈ ಗುಡ್ಡದ ರಗಳೆ ಇಲ್ಲ, ನೀವು ಸೆಂಟಿನೆಲ್-1 ತಗೊಳಿ, ಅದೂ ಫ್ರೀನೇ, ಬೆಳೆ ಎತ್ತರಕ್ಕೆ ಬಂದಾಗ ಎಲೆ ಅಡ್ಡ ಬರತ್ತೆ ಅನ್ನೋದು ಮಾತ್ರ ನೆನಪಿರ್ಲಿ.