24 ಇಂಚು ಅನ್ನೋ ಮೋಸ: ಮಡಚುವ ವೀಲ್‌ಚೇರ್, ಮೂರು ಚಕ್ರದ್ದು, ಕೈ ಟ್ರೈಸಿಕಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂರು ಚಕ್ರದ ವೀಲ್‌ಚೇರ್‌ಗೆ. ಮಡಚುವ ಆಸ್ಪತ್ರೆ ಮಾದರಿಯಲ್ಲಿ ಎರಡು ವರ್ಷ ಕೂತು, ಕೈಯಲ್ಲಿ ತಿರುಗಿಸುವ ಟ್ರೈಸಿಕಲ್ಲನ್ನು ಹೆಚ್ಚುಕಡಿಮೆ ಒಂದು ವರ್ಷ ಓಡಿಸಿ, ಆಮೇಲೆ ಬಂದ ತೀರ್ಮಾನ ಇದು. ನನ್ನ ಬೆನ್ನುಹುರಿಗೆ ಪೆಟ್ಟು ಬಿದ್ದಿದ್ದು ಟಿ-10 ಮಟ್ಟದಲ್ಲಿ, ಅಂದರೆ ಬೆನ್ನಿನ ಎದೆಭಾಗದ ಹತ್ತನೇ ಮಣಿಯ ಮಟ್ಟದಲ್ಲಿ. ಕೈ, ಭುಜ ಗಟ್ಟಿಯಾಗಿವೆ. ಹೊಕ್ಕುಳಿನಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಕುತ್ತಿಗೆಯ ಹತ್ತಿರ ಪೆಟ್ಟಾದವರಿಗೆ ನನ್ನ ಲೆಕ್ಕ ಅಷ್ಟಾಗಿ ಹೊಂದಲಾರದು.

ಮಡಚುವ ಕುರ್ಚಿ ನನಗೆ ಬಿಟ್ಟಿ ಸಿಕ್ಕಿದ್ದು. ಯಾರೋ ದಾನ ಕೊಟ್ಟರು, ಯಾರೋ ತಂದು ಇಳಿಸಿದರು, ನಾನು ಕೂತೆ. ನನ್ನ ಸೊಂಟ ಎಷ್ಟಗಲ ಅಂತ ಯಾರೂ ಅಳೆಯಲಿಲ್ಲ. ನನಗೆ ಬೇಕಾದ್ದು 16 ಇಂಚಿನ ಸೀಟು, ಬಂದದ್ದು 18. ಒಂದು ಪಕ್ಕಕ್ಕೆ ವಾಲಿಕೊಂಡೇ ಕೂರುವ ಅಭ್ಯಾಸ ಬಿತ್ತು. ಮುಂದಿನ ಎರಡು ಪುಟ್ಟ ಚಕ್ರಗಳು ನುಣುಪು ನೆಲದ ಮೇಲೆ ಸರಾಗ, ಜಲ್ಲಿ ಕಂಡರೆ ನೆಟ್ಟುಕೊಂಡು ನಿಲ್ಲುತ್ತವೆ. ಚಕ್ರ ನಿಂತರೂ ಮೈ ನಿಲ್ಲುವುದಿಲ್ಲವಲ್ಲ, ಮುಗ್ಗರಿಸಿದ್ದು ಎರಡು ಸಲ. ಇದನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಟಯರು.

ಏಳನೇ ತಿಂಗಳಿಗೆ ಹಿಂದಿನ ಟಯರು ಬಾಯಿಬಿಟ್ಟಿತು. ಅದರ ಮೇಲೆ 24 ಅಂತ ದಪ್ಪಕ್ಷರದಲ್ಲಿ ಇತ್ತು. ಸೈಕಲ್ ರಿಪೇರಿಯವನ ಹತ್ತಿರವೂ 24ರ ಟಯರು ಇತ್ತು. ‘24 ಅಂದ್ರೆ 24 ಸಾರ್, ತೊಂದರೆ ಇಲ್ಲ’ ಅಂದ. ಸೋಪಿನ ನೀರು ಸವರಿದ, ಲಿವರ್ ಹಾಕಿ ಎಳೆದ, ಮಂಡಿ ಕೊಟ್ಟು ಒತ್ತಿದ. ಅರ್ಧ ಗಂಟೆ ಗುದ್ದಾಡಿದರೂ ಟಯರು ರಿಮ್ಮಿಗೆ ಏರಲಿಲ್ಲ, ಒಂದು ಟ್ಯೂಬು ಮಾತ್ರ ಹರಿಯಿತು. ಬಿಗಿ ಇರಬೇಕು ಅಂದುಕೊಂಡು ಇನ್ನೊಂದು ಅಂಗಡಿಯಿಂದ ಇನ್ನೊಂದು ತರಿಸಿದೆವು. ಅದೂ ಅಷ್ಟೇ.

ಕೊನೆಗೆ ಟಯರಿನ ಪಕ್ಕವನ್ನು ಒರೆಸಿ ನೋಡಿದಾಗ ಸಣ್ಣ ಅಂಕಿಗಳು ಕಂಡವು. ನನ್ನದರ ಮೇಲೆ 37-540, ಸೈಕಲ್ಲಿನದರ ಮೇಲೆ 50-507. ಮೊದಲನೇ ಅಂಕಿ ಟಯರಿನ ದಪ್ಪ. ಎರಡನೆಯದು ಟಯರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಅಂದರೆ ರಿಮ್ಮಿಗೂ ಟಯರಿಗೂ 33 ಮಿಲಿಮೀಟರ್ ವ್ಯತ್ಯಾಸ. ಸೋಪಿನ ನೀರಲ್ಲ, ಎಣ್ಣೆ ಕೊಪ್ಪರಿಗೆಯಲ್ಲಿ ಅದ್ದಿದರೂ ಏರುವುದಿಲ್ಲ. ತಮಾಷೆ ಏನೆಂದರೆ ಯಾರೂ ಸುಳ್ಳು ಹೇಳಿಲ್ಲ. ತೆಳ್ಳನೆಯ ಟಯರು ಹಾಕಿದ ನನ್ನ ಚಕ್ರದ ಹೊರಗಿನ ಅಳತೆ 614 ಮಿಲಿಮೀಟರ್, ದಪ್ಪ ಟಯರಿನ ಸೈಕಲ್ ಚಕ್ರದ್ದು 607. 24 ಇಂಚು ಅಂದರೆ 610. ಹೊರಗಿನಿಂದ ಇಬ್ಬರೂ 24, ಒಳಗೆ ಬೇರೆ ಬೇರೆ ಜಾತಿ.

ರಿಮ್ಮನ್ನೇ ಬದಲಾಯಿಸೋಣ ಅಂತ ರಿಪೇರಿಯವನು ಹುರುಪಿನಲ್ಲಿ ಹೊರಟ. ಹಾಗೆ ಮಾಡಿದರೆ ಕಡ್ಡಿಗಳ ಉದ್ದ ಬದಲಾಗಬೇಕು, ದಪ್ಪ ಟಯರು ಬ್ರೇಕಿಗೆ ತಾಗುತ್ತದೆ, ಕೈಯಲ್ಲಿ ತಳ್ಳುವ ಬಳೆ ಕೂರುವುದಿಲ್ಲ. ಬಿಟ್ಟೆವು. ಸರಿಯಾದ ಟಯರು ಕೈಸೇರಲು ಹದಿನೆಂಟು ದಿನ ಹಿಡಿಯಿತು. ಅಷ್ಟು ದಿನವೂ ಹಾಸಿಗೆ. ಹನ್ನೆರಡನೇ ದಿನ ಬಾಲಮೂಳೆಯ ಮೇಲೆ ರೂಪಾಯಿಯಗಲ ಕೆಂಪು ಕಾಣಿಸಿಕೊಂಡಿತು. ಬೆನ್ನುಹುರಿ ಪೆಟ್ಟಿನವರಿಗೆ ಆ ಕೆಂಪು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಒಂದೇ ಕಡೆ ಒತ್ತಿ ಒತ್ತಿ ಆಗುವ ಹುಣ್ಣಿನ ಶುರು ಅದು, ಬಿಟ್ಟರೆ ಪ್ರಾಣಕ್ಕೇ ಬರಬಹುದು. ಈ ಪೆಟ್ಟಿನವರು ಅಕಾಲದಲ್ಲಿ ಸಾಯುವ ಸಾಧ್ಯತೆ ಉಳಿದವರಿಗಿಂತ ಎರಡರಿಂದ ಐದು ಪಟ್ಟು ಹೆಚ್ಚು, ಬಡ ದೇಶಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿ ಹೇಳುತ್ತದೆ. ನನ್ನ ಹುಣ್ಣು ಶುರುವಾಗಿದ್ದು ಒಂದು ಟಯರಿನಿಂದ.

ಅದೇ ಸಂಸ್ಥೆ 2008ರಲ್ಲಿ, ಸೌಲಭ್ಯ ಕಡಿಮೆ ಇರುವ ಕಡೆ ವೀಲ್‌ಚೇರ್ ಹೇಗೆ ಕೊಡಬೇಕು ಅಂತ ಮಾರ್ಗಸೂಚಿ ಹೊರಡಿಸಿತು. ಕುರ್ಚಿ ಮೈಗೆ ಹೊಂದಬೇಕು, ಸುತ್ತಲಿನ ನೆಲಕ್ಕೆ ಹೊಂದಬೇಕು, ಆ ದೇಶದಲ್ಲೇ ರಿಪೇರಿಯಾಗಬೇಕು ಅನ್ನುವುದು ಅದರ ಸಾರ. ದಾನ ಕೊಟ್ಟವರು ಅದನ್ನು ಓದಿದ್ದರೆ ನಾನು ಇಷ್ಟುದ್ದ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಹಾಗಾಗಿ ಮೂರು ಚಕ್ರದ ಕುರ್ಚಿ ನೋಡಲು ಹೋದಾಗ ನಾನು ಮೊದಲು ಬಗ್ಗಿ ಓದಿದ್ದು ಟಯರಿನ ಪಕ್ಕವನ್ನು. 507, ಸೈಕಲ್ ರಿಪೇರಿಯವನ ಹತ್ತಿರ ಇದ್ದ ಅದೇ ಅಳತೆ. ಅರ್ಧ ಮನಸ್ಸು ಅಲ್ಲೇ ಒಪ್ಪಿತು.

ಉಳಿದರ್ಧ ಒಪ್ಪಿದ್ದು ಜಲ್ಲಿ ರಸ್ತೆಯಲ್ಲಿ. ಮುಂದಿನ ಚಕ್ರ ಒಂದೇ, ಪಾದಕ್ಕಿಂತ ಮುಂದೆ, ದೂರದಲ್ಲಿದೆ. ಚಕ್ರಗಳ ನಡುವಿನ ಅಂತರ ಉದ್ದವಾದಷ್ಟೂ ಮುಂದಕ್ಕೆ ಮುಗ್ಗರಿಸುವ ಭಯ ಕಮ್ಮಿ. ಈ ಜಾತಿಯ ಕುರ್ಚಿಗಳ ಹಿಂದೆ ವೀಲ್‌ಚೇರ್‌ನಲ್ಲೇ ಕೂತವರ ತಲೆ ಇದೆ. ಬೆನ್ನುಹುರಿಗೆ ಪೆಟ್ಟಾಗಿದ್ದ ಡೇವಿಡ್ ಕಾನ್‌ಸ್ಟಂಟೈನ್ ಗೆಳೆಯರ ಜೊತೆ 1991ರಲ್ಲಿ ಬ್ರಿಟನ್ನಿನಲ್ಲಿ ಮೋಟಿವೇಶನ್ ಸಂಸ್ಥೆ ಕಟ್ಟಿದರು. ಮೊದಲ ಕೆಲಸ ಮಾಡಿದ್ದು ಬಾಂಗ್ಲಾದೇಶದಲ್ಲಿ. ಅದಕ್ಕೂ ಮುಂಚೆ, 1980ರಲ್ಲಿ, ಬೈಕ್ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಅಮೆರಿಕದ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್ ನಿಕರಾಗುವಾಕ್ಕೆ ಹೋಗಿ, ಅಲ್ಲಿನ ವೀಲ್‌ಚೇರ್ ಬಳಕೆದಾರರ ಜೊತೆ ಕೂತು, ಅಲ್ಲೇ ಮಾಡಬಹುದಾದ ಕುರ್ಚಿಗೆ ಕೈಹಾಕಿದ್ದರು.

ಮೂರು ಚಕ್ರದ ಕುರ್ಚಿಯ ಜೊತೆ ಬಂದ ಮೆತ್ತೆಯನ್ನು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿದರು. ನಾನು ಕೂತಿದ್ದಾಗ ಕುಂಡೆಯ ಮೂಳೆ ಮತ್ತು ಮೆತ್ತೆಯ ನಡುವೆ ಬೆರಳು ತೂರಿಸಿದರು. ಬೆರಳ ತುದಿ ಐದು ಮಿಲಿಮೀಟರಾದರೂ ಮೇಲೆ ಕೆಳಗೆ ಆಡಿದರೆ ಸರಿ. ಆಡದೆ, ಆದರೆ ಸುಲಭವಾಗಿ ಜಾರಿ ಹೊರಗೆ ಬಂದರೆ ಎಚ್ಚರ. ಬಿಗಿಯಾಗಿ ಸಿಕ್ಕಿಕೊಂಡು ಎಳೆಯಲು ಕಷ್ಟವಾದರೆ ಆ ಮೆತ್ತೆ ಬೇಡ. ಎರಡು ವರ್ಷ ನಾನು ಕೂತಿದ್ದ ಹಳೆ ಸ್ಪಂಜಿನ ಮೇಲೆ ಇದನ್ನೇ ಮಾಡಿಸಿದೆ. ಬೆರಳು ಹೊರಗೆ ತೆಗೆಯಲು ನಾನೇ ಕೈಯೂರಿ ಮೈ ಎತ್ತಬೇಕಾಯಿತು.

ಟ್ರೈಸಿಕಲ್ ದೂರಕ್ಕೆ ರಾಜ. ಚೈನು, ಗೇರು, ಬ್ರೇಕು ಎಲ್ಲ ಸೈಕಲ್ಲಿನದೇ, ಹಿಂದೆ ಮೂಟೆಯನ್ನೂ ಇಡಬಹುದು. ಆದರೆ ಬಾಗಿಲ ಹೊರಗೇ ನಿಲ್ಲುತ್ತದೆ. ಒಳಗೆ ಹೋಗಲು ಇನ್ನೊಂದು ಕುರ್ಚಿ ಬೇಕು, ಅದನ್ನು ತಂದು ಪಕ್ಕಕ್ಕೆ ಹಿಡಿಯಲು ಇನ್ನೊಬ್ಬರು ಬೇಕು. ದಿನಕ್ಕೆ ಹತ್ತು ಸಲ ಆ ಇನ್ನೊಬ್ಬರನ್ನು ಕೂಗುವುದು ನನಗಾಗದು.

ಸನ್ನೆಕೋಲು ಹಾಕಿ ತಳ್ಳುವ ಕುರ್ಚಿಯನ್ನೂ ಒಂದು ಮಧ್ಯಾಹ್ನ ಓಡಿಸಿದೆ. ಕೋಲನ್ನು ಮೇಲೆ ಹಿಡಿದರೆ ಏರಿಗೆ ಬಲ, ಕೆಳಗೆ ಹಿಡಿದರೆ ಸಪಾಟಿನಲ್ಲಿ ವೇಗ. ಖುಷಿಯಾಯಿತು. ನನ್ನ ಜೇಬಿಗಲ್ಲ.

ನನ್ನ ದಿನದಲ್ಲಿ ಜಲ್ಲಿ ದಾರಿಯೇ ಹೆಚ್ಚು, ಕೈಯಲ್ಲಿರುವ ದುಡ್ಡಿಗೆ ಬರುವುದು ಒಂದೇ ಕುರ್ಚಿ, ಹಾಸಿಗೆಗೆ ಪಕ್ಕದಿಂದ ಜರುಗಿ ದಾಟುವುದು ರೂಢಿ. ಹಾಗಾಗಿ ಮೂರು ಚಕ್ರ. ದಿನವಿಡೀ ನುಣುಪು ನೆಲದ ಆಫೀಸಿನಲ್ಲಿ ಇರುವವರು, ಕಾರಿನಲ್ಲಿ ಹಾಕಿಕೊಂಡು ಓಡಾಡುವವರು ಮಡಚುವುದನ್ನೇ ಕೊಳ್ಳಲಿ, ಎರಡು ಟಯರು ಜಾಸ್ತಿ ತೆಗೆದಿಟ್ಟುಕೊಂಡು.

ಮೂರು ಚಕ್ರದ್ದಕ್ಕೂ ಒಂದು ಕಾಟ ಇದೆ. ಆ ಉದ್ದ ಮೂತಿ ಬಚ್ಚಲಲ್ಲಿ ತಿರುಗುವುದಿಲ್ಲ. ಹಿಂದುಮುಂದಾಗಿ ಒಳಗೆ ಹೋಗಿ, ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು, ಸ್ಟೂಲಿಗೆ ಜರುಗಿ, ಅಲ್ಲಿಂದ ಕಮೋಡಿಗೆ. ಗೋಡೆ ಎಂಟು ಇಂಚು ಆಚೆ ಇದ್ದಿದ್ದರೆ ಸ್ಟೂಲು ಬೇಕಾಗುತ್ತಿರಲಿಲ್ಲ. ಗೋಡೆ ಒಡೆಯುವುದೋ ಸ್ಟೂಲಿನಲ್ಲೇ ಕಾಲ ಹಾಕುವುದೋ, ಮನೆಯಲ್ಲಿ ಇನ್ನೂ ಚರ್ಚೆ ನಡೆದಿದೆ.