ಒಪ್ಪಿಸಿ ನಡೆಸುವುದೋ, ಆಜ್ಞೆ ಕೊಟ್ಟು ನಡೆಸುವುದೋ?

ಸ್ವಯಂಸೇವಕರ ಕಡಲ ತಂಡ ನಡೆಸುವವರ ಮುಂದೆ ಎರಡು ದಾರಿಗಳಿವೆ.

1939ರಲ್ಲಿ ಶುರುವಾದ ಅಮೆರಿಕದ ಕೋಸ್ಟ್ ಗಾರ್ಡ್ ಆಕ್ಸಿಲಿಯರಿಯಲ್ಲಿ, ಅಂದರೆ ಕರಾವಳಿ ಕಾವಲು ಪಡೆಗೆ ನೆರವಾಗುವ ಸ್ವಯಂಸೇವಕರ ಸಂಘದಲ್ಲಿ, ಫ್ಲೋಟಿಲ್ಲಾ (ಸ್ಥಳೀಯ ಘಟಕ) ಕಮಾಂಡರ್‌ರನ್ನು ಸದಸ್ಯರೇ ಆರಿಸುತ್ತಾರೆ. ಹೆಸರು ಕಮಾಂಡರ್, ಆದರೆ ಸೇನೆಯ ಅಧಿಕಾರವಿಲ್ಲ. ಸಂಬಳವಿಲ್ಲದೆ ದುಡಿಯುವವರನ್ನು ಸುಮ್ನೆ ಗದರಿಸಿದರೆ ಮುಂದಿನ ಸಭೆಗೆ ಅವರ ಕುರ್ಚಿ ಖಾಲಿ, ಅಲ್ವಾ? ಅದಕ್ಕೇ ಯಾಕೆ ಅಂತ ವಿವರಿಸಬೇಕು, ಕೆಲಸ ಕಲಿಸಬೇಕು, ಕಲಿತವರಿಗೆ ಜವಾಬ್ದಾರಿ ಬಿಟ್ಟುಕೊಡಬೇಕು. ಇದಕ್ಕೆ ಸಮಯ ಜಾಸ್ತಿ ಬೇಕು, ಆದರೆ ಜನ ಉಳಿಯುತ್ತಾರೆ.

ಕಡಲಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ಬ್ರಿಟನ್, ಐರ್ಲೆಂಡ್‌ಗಳ ಸಂಸ್ಥೆ ಆರ್‌ಎನ್‌ಎಲ್‌ಐ 1824ರದು. ಅಲ್ಲಿನ ದೊಡ್ಡ ಲೈಫ್‌ಬೋಟ್ ನೀರಿಗಿಳಿದ ಮೇಲೆ ಕಾಕ್ಸ್‌ವೇನ್, ಅಂದರೆ ದೋಣಿಯ ಮುಖ್ಯಸ್ಥರ ಮಾತೇ ಕೊನೆ. ಅಲೆ ಎದ್ದು ಬರುವಾಗ ಚರ್ಚೆಗೆ ಹೊತ್ತೆಲ್ಲಿ?

ನನ್ನ ಆಯ್ಕೆ: ದಡದಲ್ಲಿ ಮೊದಲನೆಯದು, ನೀರಿನಲ್ಲಿ ಎರಡನೆಯದು. ದೋಣಿಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ಲೈಫ್ ಜಾಕೆಟ್ ಪಟ್ಟಿ ಬಿಗಿಯುವಾಗಲೇ ಹೆಸರು ಹಿಡಿದು ಹೇಳಿಬಿಡಿ.